ಹಿಡಿಯಲು ಬಂದವನನ್ನೇ ನೀರಿನಿಂದ ಎತ್ತಿದ ಕೈದಿ

ಮದುವೆ ಮನೆಯ ಮುಯ್ಯಿ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅವರು ನಮಗೆ ನೂರು ಹಾಕಿದ್ದರೆ, ನಾವು ಪುಸ್ತಕ ತೆಗೆದು ನೋಡಿ ಅವರಿಗೆ ನೂರೋ ಇನ್ನೂರೋ ಹಾಕುತ್ತೇವೆ. ಕಡಿಮೆ ಹಾಕಿದರೆ ಮರ್ಯಾದೆ ಹೋಗುತ್ತದೆ. ಕನ್ನಡದಲ್ಲಿ ಸೇಡಿಗೂ ಇದೇ ಮಾತು: ಮುಯ್ಯಿ ತೀರಿಸುವುದು. ಅಲ್ಲಿಯೂ ಲೆಕ್ಕ ಹಾಗೆಯೇ, ಪಡೆದದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ಕೊಡಬೇಕು. ಬದುವಿನ ಮೇಲಿನ ಒಂದು ಮಾತು ಕಲ್ಲಾಗುತ್ತದೆ, ಕಲ್ಲು ಕುಡುಗೋಲಾಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಜಗಳ ಶುರುವಾದದ್ದು ಯಾಕೆಂದೇ ಮರೆತಿರುತ್ತದೆ.

ಈ ಲೆಕ್ಕ ಎಷ್ಟು ಹಳೆಯದೆಂದರೆ, ಬೈಬಲಿನ ಮೊದಲ ಪುಸ್ತಕದಲ್ಲೇ ಇದೆ. ಲೆಮೆಕ ಎಂಬುವನು ತನಗೆ ಗಾಯ ಮಾಡಿದವನನ್ನು ಕೊಂದೆನೆಂದು ಹೆಂಡತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ತನ್ನ ಸೇಡು ಎಪ್ಪತ್ತೇಳು ಪಟ್ಟು ಎನ್ನುತ್ತಾನೆ. ಆಮೇಲೆ ಬಂದದ್ದು ಮೋಶೆಯ ಕಾನೂನು: ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು. ಇಂದು ನಮಗೆ ಇದು ಕ್ರೂರ ಅನ್ನಿಸುತ್ತದೆ. ಆದರೆ ಆ ಕಾಲಕ್ಕೆ ಅದು ಸೇಡಿಗೆ ಹಾಕಿದ ಕಡಿವಾಣ. ಒಂದು ಕಣ್ಣು ಹೋದರೆ ಒಂದೇ ಕಣ್ಣು ಕೇಳಬಹುದು, ಇಡೀ ಮನೆಗೆ ಬೆಂಕಿ ಇಡುವಂತಿಲ್ಲ.

ಏಸು ಆ ಕಡಿವಾಣವನ್ನು ಇನ್ನಷ್ಟು ಬಿಗಿದರು. ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತೋರಿಸು, ವೈರಿಯನ್ನು ಪ್ರೀತಿಸು ಎಂದು ಬೆಟ್ಟದ ಮೇಲೆ ಕೂತು ಬೋಧಿಸಿದರು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕೇ ಎಂದು ಶಿಷ್ಯ ಪೇತ್ರ ಕೇಳಿದಾಗ, ಏಳಲ್ಲ, ಏಳೆಪ್ಪತ್ತು ಸಲ ಎಂದರು. ಲೆಮೆಕ ಸೇಡಿಗೆ ಹಾಕಿದ್ದ ಗುಣಾಕಾರವನ್ನು ಏಸು ಕ್ಷಮೆಗೆ ಹಾಕಿದಂತಾಯಿತು.

ಹೇಳುವುದು ಸುಲಭ. ಇದನ್ನು ನಿಜಕ್ಕೂ ಯಾರಾದರೂ ಮಾಡಿದ್ದಾರೆಯೇ? ಅದಕ್ಕೆ ಉತ್ತರ ಹುಡುಕಲು ನೆದರ್‌ಲ್ಯಾಂಡ್ಸ್ ದೇಶದ ಆಸ್ಪೆರನ್ ಎಂಬ ಸಣ್ಣ ಊರಿಗೆ ಹೋಗಬೇಕು. ಕಾಲ 1569.

ಆಗ ಆ ನಾಡು ಸ್ಪೇನ್ ದೊರೆ ಎರಡನೇ ಫಿಲಿಪ್‌ನ ಕೈಯಲ್ಲಿತ್ತು. ದೊರೆಯ ಮತಕ್ಕೆ ಒಪ್ಪದವರನ್ನು ಹುಡುಕಿ ಹಿಡಿದು ಕೊಲ್ಲುತ್ತಿದ್ದರು. ಹಾಗೆ ಬೇಟೆಗೆ ಸಿಕ್ಕವರಲ್ಲಿ ಅನಾಬ್ಯಾಪ್ಟಿಸ್ಟರು ಎಂಬ ಪಂಗಡದವರೂ ಇದ್ದರು. 1525ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜೂರಿಕ್‌ನಲ್ಲಿ ಹುಟ್ಟಿದ ಪಂಗಡವಿದು. ಮಗುವಿಗೆ ಕೊಡುವ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ, ದೊಡ್ಡವರಾದ ಮೇಲೆ ಬುದ್ಧಿಪೂರ್ವಕವಾಗಿ ಪಡೆಯಬೇಕು ಎಂದು ಇವರು ಹೇಳುತ್ತಿದ್ದರು. ಇವರಲ್ಲಿ ಕೆಲವರು 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ವಶಪಡಿಸಿಕೊಂಡು ಕತ್ತಿ ಹಿಡಿದದ್ದೂ ಉಂಟು. ಅದು ರಕ್ತಪಾತದಲ್ಲಿ ಮುಗಿಯಿತು. ಉಳಿದವರಲ್ಲಿ ಬಹುಪಾಲು ಜನ ಕತ್ತಿ ಮುಟ್ಟುವುದಿಲ್ಲ ಎಂಬ ಮಾತಿಗೆ ಗಟ್ಟಿಯಾಗಿ ನಿಂತರು.

ಆಸ್ಪೆರನ್ನಿನ ಡಿರ್ಕ್ ವಿಲೆಮ್ಸ್ ಈ ಪಂಗಡದವನು. ದೊಡ್ಡವನಾಗುತ್ತಾ ಮತ್ತೆ ದೀಕ್ಷೆ ಪಡೆದದ್ದು, ತನ್ನ ಮನೆಯಲ್ಲಿ ಗುಟ್ಟಾಗಿ ಸಭೆ ಸೇರಿಸಿದ್ದು, ಬೇರೆಯವರಿಗೂ ಅಲ್ಲಿ ದೀಕ್ಷೆ ಕೊಡಲು ಬಿಟ್ಟದ್ದು, ಇಷ್ಟೇ ಅವನ ಅಪರಾಧ. ಹಿಡಿದು ಸೆರೆಯಲ್ಲಿಟ್ಟರು. ಅವನು ಬಟ್ಟೆ ಚೂರುಗಳನ್ನು ಗಂಟು ಹಾಕಿ ಹಗ್ಗ ಮಾಡಿಕೊಂಡು ಕಿಟಕಿಯಿಂದ ಇಳಿದು ಓಡಿದ.

ಅದು ಚಳಿಯ ಕಾಲ. ಆ ಕಡೆಯ ಕೆರೆ ಕಟ್ಟೆಗಳ ಮೇಲೆ ನೀರು ಹೆಪ್ಪುಗಟ್ಟಿ ಹಲಗೆಯಂತಾಗುತ್ತದೆ. ಮಂಜು ದಪ್ಪವಿದ್ದರೆ ಅದರ ಮೇಲೆ ನಡೆಯಬಹುದು, ತೆಳುವಾಗಿದ್ದರೆ ಒಡೆದು ಮುಳುಗುತ್ತಾರೆ. ಡಿರ್ಕ್ ಹೇಗೋ ದಾಟಿಬಿಟ್ಟ. ಬೆನ್ನಟ್ಟಿ ಬಂದವನ ಕಾಲ ಕೆಳಗೆ ಮಂಜು ಒಡೆಯಿತು. ಅವನು ಕೊರೆಯುವ ನೀರಿಗೆ ಬಿದ್ದ.

ಡಿರ್ಕ್‌ನ ಮುಂದೆ ದಾರಿ ಖಾಲಿಯಿತ್ತು. ಓಡಿಹೋಗಿದ್ದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ದೇವರೇ ಶತ್ರುವನ್ನು ಮುಳುಗಿಸಿ ನನ್ನನ್ನು ಉಳಿಸಿದ ಎಂದು ಹೇಳಿಕೊಳ್ಳಲೂಬಹುದಿತ್ತು. ಅವನು ತಿರುಗಿ ಬಂದ. ಕೈ ಚಾಚಿ ಆ ಮನುಷ್ಯನನ್ನು ಮೇಲೆಳೆದ.

ಬದುಕಿಬಂದವನಿಗೆ ಡಿರ್ಕ್‌ನನ್ನು ಬಿಟ್ಟುಬಿಡುವ ಮನಸ್ಸಾಯಿತು. ಆದರೆ ಆಚೆ ದಡದಲ್ಲಿ ನಿಂತಿದ್ದ ಊರಿನ ಅಧಿಕಾರಿ, ನೀನು ಮಾಡಿದ ಪ್ರಮಾಣ ನೆನಪಿರಲಿ ಎಂದು ಗದರಿದ. ಡಿರ್ಕ್ ಮತ್ತೆ ಸೆರೆಯಾದ. 1569ರ ಮೇ 16ರ ತೀರ್ಪಿನಂತೆ ಅವನನ್ನು ಊರ ಹೊರಗೆ ಜೀವಂತ ಸುಟ್ಟರು. ಅಂದು ಗಾಳಿ ಜೋರಾಗಿ ಬೀಸಿ, ಉರಿ ಮೇಲಕ್ಕೆ ಹತ್ತದೆ ಅವನ ಜೀವ ಬಹಳ ಹೊತ್ತು ನರಳಿತು. ಪಕ್ಕದ ಲೀರ್ಡಾಮ್ ಊರಿನವರೆಗೂ ಅವನ ಕೂಗು ಕೇಳಿಸಿತಂತೆ.

ಈ ಕಥೆಯಲ್ಲಿ ಒಳ್ಳೆಯತನಕ್ಕೆ ಬಹುಮಾನ ಸಿಗಲಿಲ್ಲ. ಉಳಿಸಿದವನು ಸತ್ತ, ಹಿಡಿಯಲು ಬಂದವನು ಉಳಿದ. ಆದರೂ ಅವನ ಜನ ಇದನ್ನು ಮುಚ್ಚಿಡಲಿಲ್ಲ. 1660ರಲ್ಲಿ ಪ್ರಕಟವಾದ ‘ಮಾರ್ಟಿರ್ಸ್ ಮಿರರ್’ ಎಂಬ ದೊಡ್ಡ ಪುಸ್ತಕದಲ್ಲಿ ಇದೂ ಸೇರಿತು. 1685ರ ಮುದ್ರಣಕ್ಕೆ ಯಾನ್ ಲೌಕನ್ ಎಂಬ ಕಲಾವಿದ ಚಿತ್ರಗಳನ್ನು ಕೊರೆದುಕೊಟ್ಟ. ಮಂಜಿನ ಅಂಚಿನಲ್ಲಿ ಬಗ್ಗಿ ಎರಡೂ ಕೈ ಚಾಚಿರುವ ಡಿರ್ಕ್‌ನ ಚಿತ್ರ ಅವುಗಳಲ್ಲಿ ಒಂದು. ಅಮೆರಿಕದಲ್ಲಿ ಕಾರು ಬಿಟ್ಟು ಕುದುರೆ ಗಾಡಿಯಲ್ಲೇ ಓಡಾಡುವ, ಹೊಲ ಹೈನು ನಂಬಿದ ಆಮಿಶ್ ಜನರ ಎಷ್ಟೋ ಮನೆಗಳಲ್ಲಿ ಇಂದಿಗೂ ಈ ಪುಸ್ತಕ ಇರುತ್ತದೆ. ಅವರೂ ಅನಾಬ್ಯಾಪ್ಟಿಸ್ಟರ ಕುಡಿಗಳೇ.

2006ರ ಅಕ್ಟೋಬರ್ 2ರಂದು ಈ ಪಾಠಕ್ಕೆ ಭಯಂಕರ ಪರೀಕ್ಷೆ ಬಂತು. ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬ ಹಳ್ಳಿಯ ಒಂದೇ ಕೋಣೆಯ ಆಮಿಶ್ ಶಾಲೆಗೆ ಬಂದೂಕು ಹಿಡಿದವನೊಬ್ಬ ನುಗ್ಗಿದ. ಅವನು ಹೊರಗಿನವನಲ್ಲ, ಆ ಸೀಮೆಯ ಡೇರಿಗಳಿಂದ ಹಾಲು ತುಂಬಿಕೊಂಡು ಹೋಗುತ್ತಿದ್ದ ಟ್ಯಾಂಕರ್ ಚಾಲಕ. 10 ಹೆಣ್ಣುಮಕ್ಕಳಿಗೆ ಗುಂಡು ಹೊಡೆದು ತಾನೂ ಹೊಡೆದುಕೊಂಡ. 5 ಮಕ್ಕಳು ಉಳಿಯಲಿಲ್ಲ. ಅಂದು ಸಂಜೆಯೇ ಕೆಲವು ಆಮಿಶ್ ಗಂಡಸರು ಕೊಲೆಗಾರನ ಹೆಂಡತಿಯ ಬಳಿ ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲ ಎಂದರು. ಅವನ ಮಣ್ಣಿಗೆ ಬಂದವರಲ್ಲಿ ಅರ್ಧದಷ್ಟು ಜನ ಆಮಿಶರು. ತಮ್ಮ ಮಗಳನ್ನು ಆಗಷ್ಟೇ ಮಣ್ಣು ಮಾಡಿ ಬಂದ ತಂದೆ ತಾಯಿಯರೂ ಅವರಲ್ಲಿದ್ದರು. ಹೊರಗಿನಿಂದ ಹರಿದುಬಂದ ನೆರವಿನ ಹಣದಲ್ಲಿ ಒಂದು ಪಾಲು ಅವನ ಹೆಂಡತಿ ಮಕ್ಕಳಿಗೂ ಹೋಯಿತು. ಹಾಗೆಂದು ನೋವು ಮಾಯವಾಗಲಿಲ್ಲ. ಕ್ಷಮೆಯನ್ನು ದಿನಾ ಹೊಸದಾಗಿ ಮಾಡಬೇಕಾಗುತ್ತದೆ ಎಂದು ಅಲ್ಲಿನ ಹೆತ್ತವರು ಮುಂದೆ ಹೇಳಿದ್ದಾರೆ.

ಇಲ್ಲೊಂದು ಪ್ರಶ್ನೆ ಏಳಬೇಕು, ಏಳದಿದ್ದರೆ ಅಪಾಯ. ಕ್ಷಮಿಸುವುದೆಂದರೆ ತಪ್ಪು ಮಾಡಿದವನನ್ನು ಸುಮ್ಮನೆ ಬಿಡುವುದೇ? ನಮ್ಮ ದೇಶದ್ದೇ ಒಂದು ಉದಾಹರಣೆ ನೋಡಿ. ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ಮನೋಹರಪುರ ಗ್ರಾಮದಲ್ಲಿ ಗುಂಪೊಂದು ವಾಹನದೊಳಗೇ ಸುಟ್ಟಿತು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಊರು ಬಿಡದೆ ಮಗಳೊಂದಿಗೆ ಇನ್ನೂ ಕೆಲವು ವರ್ಷ ಅಲ್ಲೇ ರೋಗಿಗಳ ನಡುವೆ ದುಡಿದರು. ಆದರೆ ಕೋರ್ಟು ತನ್ನ ಕೆಲಸ ತಾನು ಮಾಡಿತು. ಮುಖ್ಯ ಅಪರಾಧಿಗೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆ ಗ್ಲಾಡಿಸರ ಮನಸ್ಸಿನದು, ಶಿಕ್ಷೆ ಕಾನೂನಿನದು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಬೈಬಲಿನಲ್ಲೂ ಈ ಎರಡು ಬೇರೆಬೇರೆಯೇ. ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ, ಸೇಡನ್ನು ದೇವರಿಗೆ ಬಿಡಿ, ಹಸಿದ ವೈರಿಗೆ ಊಟ ಕೊಡಿ ಎನ್ನುತ್ತಾನೆ. ಅದರ ಬೆನ್ನಿಗೇ 13ನೇ ಅಧ್ಯಾಯದಲ್ಲಿ, ಕೆಟ್ಟದ್ದು ಮಾಡಿದವನನ್ನು ದಂಡಿಸುವುದು ಆಳುವವರ ಕೆಲಸ ಎನ್ನುತ್ತಾನೆ.

ಇದನ್ನು ಮರೆತರೆ ಕ್ಷಮೆಯೇ ಕೆಳಗಿನವರನ್ನು ತುಳಿಯುವ ಕಲ್ಲಾಗುತ್ತದೆ. ‘ಹೋಗಲಿ ಬಿಡು, ದೊಡ್ಡ ಮನಸ್ಸು ಮಾಡು’ ಎಂಬ ಮಾತು ನಮ್ಮ ಪಂಚಾಯ್ತಿ ಕಟ್ಟೆಗಳಲ್ಲಿ ಯಾರ ಕಿವಿಗೆ ಹೆಚ್ಚು ಬೀಳುತ್ತದೆ? ಏಟು ತಿಂದ ಹೆಂಡತಿಗೆ, ಕೇರಿಯ ಹುಡುಗನಿಗೆ, ಕೂಲಿ ಬಾಕಿ ಕೇಳಿದವನಿಗೆ. ಇದು ಕ್ಷಮೆಯಲ್ಲ, ಬಾಯಿ ಮುಚ್ಚಿಸುವ ಉಪಾಯ. ಡಿರ್ಕ್‌ಗೆ ತಿರುಗಿ ಬಾ ಎಂದು ಯಾರೂ ಬಲವಂತ ಮಾಡಿರಲಿಲ್ಲ. ಗ್ಲಾಡಿಸರಿಗೆ ಕ್ಷಮಿಸು ಎಂದು ಕೊಂದವರ ಕಡೆಯವರು ಬಂದು ಹೇಳಲಿಲ್ಲ. ಕ್ಷಮಿಸುವ ಹಕ್ಕು ನೊಂದವರದು. ಅದನ್ನು ಅವರ ಕೈಯಿಂದ ಕಿತ್ತುಕೊಂಡು ಬೇರೆಯವರು ಹಂಚುವಂತಿಲ್ಲ.

ಹಾಗಾದರೆ ಈ ಬೋಧನೆ ನಮ್ಮಿಂದ ಕೇಳುವುದೇನು? ದೂರು ಕೊಡಬೇಡ ಎಂದಲ್ಲ, ಅನ್ಯಾಯವನ್ನು ನ್ಯಾಯ ಎನ್ನು ಎಂದೂ ಅಲ್ಲ. ಠಾಣೆಗೆ ಹೋಗು, ಸಾಕ್ಷಿ ಹೇಳು, ಬಾಕಿ ಕೇಳು. ಆದರೆ ನಿನಗೆ ಕೆಟ್ಟದ್ದು ಮಾಡಿದವನ ಕೆರೆಯ ಮಂಜು ಒಡೆದ ದಿನ, ಅವನ ಮಗುವಿಗೆ ಜ್ವರ ಬಂದು ಬಂಡಿ ಸಿಗದ ರಾತ್ರಿ, ಅವನ ಬಣವೆಗೆ ಬೆಂಕಿ ಬಿದ್ದ ಮಧ್ಯಾಹ್ನ, ನೋಡುತ್ತಾ ನಿಲ್ಲಬೇಡ. ಮುಯ್ಯಿಯ ಪುಸ್ತಕದಲ್ಲಿ ಆ ಪುಟವನ್ನು ಮುಚ್ಚುವ ಅಧಿಕಾರ ಇರುವುದು, ಏಟು ತಿಂದವರ ಕೈಯಲ್ಲಿ.