ಖಂಡಸ್ಫುಟಿತ ಜೀರ್ಣೋದ್ಧಾರ: ವಯಸ್ಸಾದ ಮನೆ, ವಯಸ್ಸಾದ ಮನೆಯವರು

ಕರ್ನಾಟಕದ ಹಳೇ ದಾನಶಾಸನಗಳನ್ನ ಓದೋಕೆ ಕೂತರೆ ಒಂದು ಮಾತು ಪದೇ ಪದೇ ಎದುರಾಗುತ್ತೆ: ಖಂಡಸ್ಫುಟಿತ ಜೀರ್ಣೋದ್ಧಾರ. ರಾಷ್ಟ್ರಕೂಟರ ಕಾಲದಲ್ಲೂ ಇದೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲೂ ಇದೆ, ಹೊಯ್ಸಳರ ಕಾಲದಲ್ಲಂತೂ ಕೇಳೋದೇ ಬೇಡ. ಖಂಡ ಅಂದ್ರೆ ಮುರಿದದ್ದು. ಸ್ಫುಟಿತ ಅಂದ್ರೆ ಬಿರುಕು ಬಿಟ್ಟದ್ದು. ದೇವಸ್ಥಾನಕ್ಕೋ ಬಸದಿಗೋ ಭೂಮಿ ಬಿಡುವಾಗ ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ಅಲ್ಲಿರೋ ತಪಸ್ವಿಗಳ ಊಟ, ಇವುಗಳ ಜೊತೆಗೆ ರಿಪೇರಿ ಖರ್ಚನ್ನೂ ಹೆಸರು ಹಿಡಿದು ಬರೆಸ್ತಿದ್ರು. ಎಷ್ಟೋ ಕಡೆ ಕಟ್ಟಡ ಇನ್ನೂ ಹೊಸದು. ಆಗಲೇ ಅದು ಮುಂದೊಂದು ದಿನ ಬಿರುಕು ಬಿಡುತ್ತೆ ಅಂತ ಒಪ್ಪಿಕೊಂಡು ದುಡ್ಡು ಎತ್ತಿಟ್ಟಿದ್ದಾರೆ.

ಕೆರೆಗೂ ಅಷ್ಟೇ. ಬಿತ್ತುವಟ್ಟ ಅನ್ನೋ ಪದ ಕೇಳಿರಬಹುದು. ಕೆರೆಯ ಹೂಳು ತೆಗೆಯೋಕೆ, ಏರಿ ಗಟ್ಟಿ ಮಾಡೋಕೆ, ತೂಬು ನೋಡಿಕೊಳ್ಳೋಕೆ ಅಂತ ಬಿಟ್ಟ ಜಮೀನು ಅಥವಾ ಅಲ್ಲಿನ ಬೆಳೆಯ ಪಾಲು ಅದು. ಅಂದ್ರೆ ದೇವಸ್ಥಾನಕ್ಕೆ ಮೇಂಟೆನೆನ್ಸ್ ಫಂಡ್ ಇತ್ತು, ಕೆರೆಗೂ ಇತ್ತು. ಜನ ವಾಸ ಮಾಡೋ ಮನೆಗೆ?

ಮನೆಗೆ ಯಾರೂ ಶಾಸನ ಹಾಕಿಸಲಿಲ್ಲ. ಮನೆಯ ಫಂಡು ಅಂದ್ರೆ ಮನೆಯ ಜನವೇ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಫಂಡು ಹೇಗೆ ನಡೀತಿತ್ತು, ಯಾವಾಗ ಖಾಲಿ ಆಯ್ತು ಅನ್ನೋದರ ಬಗ್ಗೆ. ಯಾಕಂದ್ರೆ ಈ ವಿಡಿಯೋ ನೋಡೋ ಬಹಳಷ್ಟು ಜನ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತಿದ್ದೀರಿ. ಊರಲ್ಲಿ ಅಪ್ಪ ಅಮ್ಮ ಎಪ್ಪತ್ತು ದಾಟಿದ್ದಾರೆ, ಅವರ ಮನೆಯೂ ಮೂವತ್ತು ದಾಟಿದೆ. ಇಬ್ಬರಿಗೂ ಒಟ್ಟಿಗೇ ವಯಸ್ಸಾಗ್ತಾ ಇದೆ.

ಮೊದಲು ಮಲೆನಾಡು, ಕರಾವಳಿ ನೋಡೋಣ. ಹೆಂಚು ಬರೋದಕ್ಕೆ ಮುಂಚೆ ಬಹುತೇಕ ಮನೆಗಳಿಗೆ ಮುಳಿಹುಲ್ಲಿನ ಮಾಡು, ಇಲ್ಲಾ ಅಡಿಕೆ ಸೋಗೆ, ತೆಂಗಿನ ಗರಿ. ಮಳೆಯಲ್ಲಿ ನೆಂದು, ಗೆದ್ದಲು ಹಿಡಿದು, ವರ್ಷ ಎರಡು ವರ್ಷಕ್ಕೆ ಹೊಸದಾಗಿ ಹೊದಿಸಲೇಬೇಕು. ಒಂದು ಮನೆಯ ಗಂಡಸರಿಂದ ಆಗೋ ಕೆಲಸವಲ್ಲ ಇದು. ಕೆಳಗಿಂದ ಕಟ್ಟು ಎಸೆಯೋರು, ಮೇಲೆ ಹಿಡಿಯೋರು, ಕಟ್ಟೋರು, ಸರಿ ಮಾಡೋರು ಎಲ್ಲ ಬೇಕು. ಹಾಗಾಗಿ ಮುಯ್ಯಾಳು ಪದ್ಧತಿ. ಇವತ್ತು ನಿಮ್ಮ ಮನೆಗೆ ನಾವು ಬರ್ತೀವಿ, ನಾಳೆ ನಮ್ಮ ಮನೆಗೆ ನೀವು ಬನ್ನಿ. ಕೂಲಿ ಇಲ್ಲ, ಊಟ ಉಂಟು.

ಕೇಳೋಕೆ ಚೆಂದ. ಆದರೆ ಇದನ್ನ ಹೊಗಳೋ ಮುಂಚೆ ಒಂದು ಕ್ಷಣ ನಿಲ್ಲಿ. ಮುಯ್ಯಿ ಅಂದ್ರೆ ಸಾಲ. ಕೊಟ್ಟ ಆಳನ್ನ ವಾಪಸ್ ಕೊಡಬೇಕು. ಮನೆಯಲ್ಲಿ ಕಳಿಸೋಕೆ ಗಟ್ಟಿ ಆಳೇ ಇಲ್ಲದ ಮುದುಕಿ ಏನು ಮಾಡಬೇಕು? ಊರು ಒಳ್ಳೇದಾಗಿದ್ರೆ ದಾಕ್ಷಿಣ್ಯಕ್ಕೆ ಬಂದು ಹೊದಿಸಿಕೊಡ್ತಾರೆ, ಆದರೆ ಎಲ್ಲರದ್ದೂ ಆದ ಮೇಲೆ. ಅಷ್ಟರಲ್ಲಿ ಮಳೆ ಬಂದರೆ ಬಂತು. ಮಕ್ಕಳಿದ್ದವರಿಗೆ ಮುಪ್ಪಿನಲ್ಲಿ ಬಡ್ತಿ ಸಿಗ್ತಿತ್ತು. ಮಾಡು ಹತ್ತೋದು ಬಿಟ್ಟು ಜಗಲಿ ಮೇಲೆ ಕೂತು "ಆ ಮೂಲೆ ನೋಡೋ" ಅಂತ ಹೇಳೋ ಯಜಮಾನ ಆಗ್ತಿದ್ರು. ಮಕ್ಕಳಿಲ್ಲದವರಿಗೆ ಆ ಬಡ್ತಿ ಇರಲಿಲ್ಲ. ಹಳೇ ಕಾಲ ವೃದ್ಧರಿಗೆ ಸ್ವರ್ಗ ಆಗಿತ್ತು ಅನ್ನೋ ವಾಟ್ಸಾಪ್ ಫಾರ್ವರ್ಡುಗಳನ್ನ ನಾನು ಈ ಕಾರಣಕ್ಕೇ ನಂಬಲ್ಲ.

ಬಯಲುಸೀಮೆ, ಉತ್ತರ ಕರ್ನಾಟಕದ ಕಡೆ ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕ್ತಿದ್ರು, ಕೆಲವು ಕಡೆ ಚೌಳು ಮಣ್ಣು ಅಂತಾರೆ. ಹೊಲಕ್ಕೆ ಬಂದರೆ ಬೆಳೆ ಹಾಳು ಮಾಡೋ ಮಣ್ಣದು. ಅದರಲ್ಲಿ ಸೋಡಿಯಂ ಜಾಸ್ತಿ. ಒದ್ದೆ ಆದಾಗ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನ ಮುಚ್ಚಿಬಿಡುತ್ತವೆ, ನೀರು ಕೆಳಗೆ ಇಳಿಯಲ್ಲ. ರೈತನ ಶತ್ರು ಮಾಳಿಗೆಗೆ ವಾಟರ್‌ಪ್ರೂಫಿಂಗ್. ಯಾವ ಲ್ಯಾಬೂ ಇಲ್ಲದೆ ಕಂಡುಕೊಂಡದ್ದು. ಮಾಳಿಗೆ ಮೇಲೆ ಹುಲ್ಲು ಬೆಳೆದರೆ ಕೀಳಬೇಕು, ಹೆಗ್ಗಣ ತೋಡಿದರೆ ಮುಚ್ಚಬೇಕು. ನೆಲ, ಗೋಡೆ ಸಾರಿಸೋದು ಹೆಂಗಸರ ಪಾಲು. ಅದನ್ನ ರಿಪೇರಿ ಅಂತ ಯಾರೂ ಕರೀಲೇ ಇಲ್ಲ, ದಿನದ ಕೆಲಸದಲ್ಲಿ ಸೇರಿಸಿಬಿಟ್ರು.

ಈಗ 1865ಕ್ಕೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್ ಅಲ್ಲಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡ್ತು. ಮುಂದೆ ನಿಂತವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿ, ಸುತ್ತಲಿನ ಕಾಡಿನ ಸೌದೆ, ಸಾಗಿಸೋಕೆ ದೋಣಿ. ಒಂದರೊಳಗೊಂದು ಕೊಂಡಿ ಹಾಕಿಕೊಳ್ಳೋ ಈ ಜಾತಿಯ ಹೆಂಚಿಗೆ ಬಾಸೆಲ್‌ಗೆ ಹತ್ತಿರದ ಆಲ್ಸೇಸ್ ಪ್ರಾಂತ್ಯದಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಜೆಪ್ಪುವಿನಲ್ಲಿ ಶುರುವಾದದ್ದು ಬೇಗನೆ ಹಲವು ಕಾರ್ಖಾನೆಗಳಾಗಿ ಹಬ್ಬಿತು.

ಮಂಗಳೂರು ಹೆಂಚಿನ ಕಥೆಯನ್ನ ಸಾಮಾನ್ಯವಾಗಿ ವ್ಯಾಪಾರದ ಕಥೆ, ಮಿಷನರಿ ಕಥೆ ಅಂತ ಹೇಳ್ತಾರೆ. ನನಗೆ ಅದು ಮುದುಕರ ಕಥೆಯಾಗಿಯೂ ಕಾಣುತ್ತೆ. ಅದಕ್ಕೂ ಮುಂಚೆ ಕುಂಬಾರರು ಮಾಡಿದ ನಾಡಹೆಂಚು ಇತ್ತು. ಅದು ಬರೀ ಒಂದರ ಮೇಲೊಂದು ಕೂತಿರುತ್ತೆ. ಮಂಗ ಕುಣಿದರೆ, ಬೆಕ್ಕು ಓಡಿದರೆ ಜಾರುತ್ತೆ. ಪ್ರತಿ ವರ್ಷ ಮಳೆಗೆ ಮುಂಚೆ ಇಡೀ ಮಾಡಿನ ಹೆಂಚು ಕೈಯಾಡಿಸಬೇಕು. ಮಂಗಳೂರು ಹೆಂಚು ಹಾಗಲ್ಲ. ರೀಪಿಗೆ ಕಚ್ಚಿ ಕೂರುತ್ತೆ, ಪಕ್ಕದ ಹೆಂಚಿನ ತೋಡಿನಲ್ಲಿ ಸಿಕ್ಕಿಕೊಳ್ಳುತ್ತೆ. ಒಂದು ಒಡೆದರೆ ಅದೊಂದನ್ನೇ ತೆಗೆದು ಇನ್ನೊಂದು ಇಟ್ಟರೆ ಮುಗೀತು. ಒಂದು ಹೆಂಚಿನ ತೂಕ ಎರಡೂವರೆ ಕಿಲೋ ಆಸುಪಾಸು. ಒಂದು ಏಣಿ, ಒಬ್ಬ ಆಳು ಸಾಕು. ಎಲ್ಲಿ ಒಡೆದಿದೆ ಅನ್ನೋದು ಒಳಗೆ ಕೂತವರಿಗೇ ಕಾಣುತ್ತೆ, ಬಿಸಿಲ ಕೋಲು ಎಲ್ಲಿ ಬೀಳುತ್ತೋ ಅಲ್ಲಿ. ಬಚ್ಚಲಿನ ಹಿಂದೆ ಐವತ್ತು ಹೆಂಚು ಹೆಚ್ಚಿಗೆ ಜೋಡಿಸಿಟ್ಟರೆ ಅದೇ ಫಂಡು. ಇಡೀ ಊರನ್ನ ಕರೆದು ಮಾಡಬೇಕಿದ್ದ ಕೆಲಸ ಒಬ್ಬ ಕೂಲಿಯವನ ಅರ್ಧ ದಿನದ ಕೆಲಸ ಆಯ್ತು. ಮುಯ್ಯಿ ತೀರಿಸಲಾಗದ ಮುದುಕಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು? ಹೆಂಚು ಕೊಳ್ಳೋ ಶಕ್ತಿ ಎಲ್ಲರಿಗೂ ಇರಲಿಲ್ಲ ಅನ್ನೋದೂ ನಿಜ. ಹುಲ್ಲಿನ ಮಾಡು ಇಪ್ಪತ್ತನೇ ಶತಮಾನದಲ್ಲೂ ಬಹಳ ಕಾಲ ಉಳೀತು.

ಬೆಂಗಳೂರು, ಮೈಸೂರು, ಮದ್ರಾಸಿನ ಕಡೆ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನ ಸುಣ್ಣದಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚು ಹಾಕಿ, ಅಳಲೆಕಾಯಿ ಬೆಲ್ಲದ ನೀರು ಚಿಮುಕಿಸುತ್ತಾ ದಿನಗಟ್ಟಲೆ ಬಡಿಯೋದು. ಅದರ ಬಗ್ಗೆ ಬೇರೆಯೇ ವಿಡಿಯೋ ಮಾಡಬೇಕು.

ನಂತರ ಬಂದದ್ದು ಆರ್‌ಸಿಸಿ. ನಮ್ಮ ಅಪ್ಪಂದಿರ ತಲೆಮಾರಿಗೆ "ತಾರಸಿ ಮನೆ" ಅಂದ್ರೆ ಗೆದ್ದ ಹಾಗೆ. ಇನ್ನು ಮಾಡು ನೋಡೋ ಗೋಜೇ ಇಲ್ಲ ಅಂದುಕೊಂಡರು. ಆದರೆ ಕಾಂಕ್ರೀಟಿನ ಒಳಗಿರೋದು ಕಬ್ಬಿಣ. ಹೊಸ ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣವನ್ನ ಕಾಪಾಡುತ್ತೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಆ ಕ್ಷಾರಗುಣ ಕಮ್ಮಿಯಾಗುತ್ತೆ, ಸಮುದ್ರದ ಹತ್ತಿರ ಉಪ್ಪಿನ ಗಾಳಿ ಬೇರೆ. ತೇವ ತಾಗಿ ಕಬ್ಬಿಣ ತುಕ್ಕು ಹಿಡಿದರೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ. ಒಳಗಿಂದಲೇ ಒತ್ತಿ ಕಾಂಕ್ರೀಟ್ ಸೀಳುತ್ತೆ. ಹೆಂಚಿನ ಮಾಡು ಮೊದಲ ದಿನವೇ ತಲೆ ಮೇಲೆ ಹನಿ ಹಾಕಿ ಹೇಳಿಬಿಡುತ್ತೆ. ಕಾಂಕ್ರೀಟ್ ಇಪ್ಪತ್ತು ವರ್ಷ ಸುಮ್ಮನಿದ್ದು, ಮನೆಯವರಿಗೆ ಅರವತ್ತೈದು ಆಗಿ ಪೆನ್ಶನ್ ಮೇಲೆ ಬಂದ ಹೊತ್ತಿಗೆ ಲಕ್ಷದ ಬಿಲ್ ಮುಂದಿಡುತ್ತೆ. ಕಷ್ಟ ಇರೋದು ಆ ಹೊತ್ತಿನಲ್ಲಿ.

ಈಗ ಮುಂಬೈ. ರಿಪೇರಿಗೆ ದುಡ್ಡು ಎತ್ತಿಡದೇ ಹೋದರೆ ಒಂದು ನಗರಕ್ಕೆ ಏನಾಗುತ್ತೆ ಅಂತ ನೋಡೋಕೆ ಅದಕ್ಕಿಂತ ಒಳ್ಳೇ ಜಾಗ ನಮ್ಮ ದೇಶದಲ್ಲಿಲ್ಲ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನ ಹೆಚ್ಚೂಕಡಿಮೆ 1 ಸೆಪ್ಟೆಂಬರ್ 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧದ ನಂತರದ ದಿನಗಳು, ನಗರಕ್ಕೆ ಜನ ನುಗ್ಗಿ ಬರ್ತಿದ್ದರು, ಬಾಡಿಗೆದಾರರನ್ನ ಉಳಿಸೋಕೆ ಅದು ಬೇಕಿತ್ತು. ಆದರೆ ತಾತ್ಕಾಲಿಕ ಅಂತ ಬಂದದ್ದು ದಶಕಗಳ ಕಾಲ ಉಳೀತು. ಸಿಮೆಂಟಿನ ಬೆಲೆ ಏರಿತು, ಕೂಲಿ ಏರಿತು, ಬಾಡಿಗೆ ಮಾತ್ರ ಅಲ್ಲೇ. ಮಾಲೀಕ ರಿಪೇರಿ ನಿಲ್ಲಿಸಿದ. ಬಾಡಿಗೆದಾರ "ಮನೆ ನನ್ನದಲ್ವಲ್ಲ" ಅಂದ. ಚಾಳುಗಳ ಮರದ ಗ್ಯಾಲರಿಗಳಿಗೆ ಟೇಕು ಕೊಟ್ಟು ನಿಲ್ಲಿಸೋ ಕಾಲ ಬಂತು.

ಕಟ್ಟಡಗಳು ಬೀಳೋಕೆ ಶುರುವಾದ ಮೇಲೆ 1969ರಲ್ಲಿ ಸರ್ಕಾರ ಕಟ್ಟಡ ರಿಪೇರಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯ್ದೆ ತಂತು. ದ್ವೀಪನಗರದ ಸುಮಾರು 19,600 ಹಳೇ ಕಟ್ಟಡಗಳ ಮೇಲೆ ಸೆಸ್ ಹಾಕಿ, ಆ ದುಡ್ಡಿಗೆ ಸರ್ಕಾರದ್ದೂ ಸೇರಿಸಿ ರಿಪೇರಿ ಮಾಡೋದು. ನಮ್ಮ ಶಾಸನದವರ ಯೋಚನೆಯೇ, ಆದರೆ ಕಟ್ಟಡಕ್ಕೆ ಅರವತ್ತು ಎಂಬತ್ತು ವರ್ಷ ಆದ ಮೇಲೆ. ಇವತ್ತಿಗೂ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಆ ಮಂಡಳಿ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಬಿಡುಗಡೆ ಮಾಡುತ್ತೆ. ಊರಲ್ಲಿ ಹೆಂಚು ಕೈಯಾಡಿಸೋ ಹೊತ್ತಿಗೇ! ಆ ಪಟ್ಟಿ ಬಂದಾಗ ಮನೆ ಬಿಡೋಕೆ ಒಪ್ಪದೇ ಕೂರುವವರಲ್ಲಿ ವಯಸ್ಸಾದವರು ಬಹಳ. ಟ್ರಾನ್ಸಿಟ್ ಕ್ಯಾಂಪಿಗೆ ಹೋದರೆ ವಾಪಸ್ ಬರ್ತೀವಾ ಅನ್ನೋ ಅನುಮಾನ. ಎಷ್ಟೋ ಕುಟುಂಬಗಳು ಅಲ್ಲೇ ದಶಕ ಕಳೆದಿರೋದನ್ನ ನೋಡಿದವರ ಅನುಮಾನ ಅದು, ಹಟ ಅಂತ ತಳ್ಳಿಹಾಕೋಕೆ ಆಗಲ್ಲ.

ಬಾಡಿಗೆ ಹೀಗೆ ಕಟ್ಟಿಹಾಕೋದು ಕಾಲ ಕಳೆದಂತೆ ಅನ್ಯಾಯ ಆಗಿಬಿಟ್ಟಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1997ರ ಡಿಸೆಂಬರಿನಲ್ಲಿ. ಮೊಕದ್ದಮೆಯ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವರ್ಸಸ್ ಮಹಾರಾಷ್ಟ್ರ ಸರ್ಕಾರ. ಮಲ್ಪೆ ಅಂತ ಓದಿದ ಕೂಡಲೇ ಕರಾವಳಿಯವರ ಕಿವಿ ನಿಮಿರದೇ ಇರುತ್ತಾ? ಅದಾದ ಮೇಲೆ ಬಂದ 1999ರ ಕಾಯ್ದೆ ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಏರಿಸೋಕೆ ಅವಕಾಶ ಕೊಟ್ಟಿತು.

ಇನ್ನು ಈಗಿನ ಸೊಸೈಟಿಗಳು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳಲ್ಲಿ ಎರಡು ಫಂಡುಗಳಿವೆ. ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25 ಸಿಂಕಿಂಗ್ ಫಂಡ್, ಕನಿಷ್ಠ ಶೇ. 0.75 ರಿಪೇರಿ ಫಂಡ್. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಅದಕ್ಕೂ ಹಳೇದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್. ಇದೇ ಇವತ್ತಿನ ಖಂಡಸ್ಫುಟಿತ ಜೀರ್ಣೋದ್ಧಾರ, ಭಾಷೆ ಮಾತ್ರ ಬೇರೆ.

ಆದರೆ ಲೆಕ್ಕ ಹಾಕಿ ನೋಡಿ. 1990ರ ಸುಮಾರಿಗೆ ಒಂದು ಫ್ಲ್ಯಾಟ್ ಕಟ್ಟೋಕೆ 3 ಲಕ್ಷ ಆಗಿತ್ತು ಅಂದುಕೊಳ್ಳಿ. ಸಿಂಕಿಂಗ್ ಫಂಡಿಗೆ ವರ್ಷಕ್ಕೆ 750 ರೂಪಾಯಿ, ರಿಪೇರಿಗೆ 2,250. ಮೂವತ್ತು ವರ್ಷ ತಪ್ಪದೇ ಕಟ್ಟಿದರೂ ಸಿಂಕಿಂಗ್ ಫಂಡಿನ ಅಸಲು 22,500. ಬಡ್ಡಿ ಸೇರಿಸಿದರೂ ಇವತ್ತಿನ ರಿಪೇರಿಯ ಮುಂದೆ ಅದು ಎಷ್ಟರದ್ದು? ವೆಚ್ಚದ ಅಂಕಿ 1990ರಲ್ಲೇ ನಿಂತಿದೆ. ಬಾಡಿಗೆ 1940ರಲ್ಲಿ ನಿಂತ ಹಾಗೆಯೇ. ಉಪವಿಧಿ ಹೇಳೋದು ಕನಿಷ್ಠ ಮಾತ್ರ, ಹೆಚ್ಚಿಗೆ ಎತ್ತಿಡೋಕೆ ಜನರಲ್ ಬಾಡಿಗೆ ಅಧಿಕಾರ ಇದೆ. ಅಲ್ಲಿ "ಹೆಚ್ಚು ಮಾಡಬೇಡಿ" ಅಂತ ಮೊದಲು ಎದ್ದು ನಿಲ್ಲೋದು ಸಾಮಾನ್ಯವಾಗಿ ನಿವೃತ್ತರು. ಅವರ ಆದಾಯ ಏರಲ್ಲ, ಆ ಮಾತಿನಲ್ಲಿ ನ್ಯಾಯ ಇದೆ. ಆದರೂ ನಾನು ಅವರ ಎದುರು ಪಕ್ಷ. ತಿಂಗಳಿಗೆ ಐನೂರು ಜಾಸ್ತಿ ಕೊಡೋದು ಪೆನ್ಶನ್‌ಗೆ ಕಷ್ಟ, ಎಪ್ಪತ್ತೈದರಲ್ಲಿ ಒಮ್ಮೆಗೇ ಎರಡು ಲಕ್ಷ ಕೇಳಿದರೆ ಅಸಾಧ್ಯ.

ಊರಿನ ಮನೆಗೆ ಇದ್ಯಾವುದೂ ಇಲ್ಲ. ಸೊಸೈಟಿ ಇಲ್ಲ, ಆಡಿಟ್ ಇಲ್ಲ, ಮುಯ್ಯಾಳು ಹೋದ. ಫಂಡು ಅಂದ್ರೆ ನೀವು, ನೀವು ಇರೋದು ಎಂಟುನೂರು ಕಿಲೋಮೀಟರ್ ದೂರ. ಹಾಗಾಗಿ ಎಪ್ಪತ್ತೆರಡರ ಅಪ್ಪ ಕಬ್ಬಿಣದ ಏಣಿ ಹತ್ತಿ ಟ್ಯಾಂಕ್ ತೊಳೀತಾರೆ. ಬೇಡ ಅಂದ್ರೆ "ಯಾರು ಬರ್ತಾರೋ ಈಗ" ಅಂತಾರೆ. 2007ರ ಹಿರಿಯ ನಾಗರಿಕರ ಕಾಯ್ದೆ ಪೋಷಣೆ ಅನ್ನೋದರಲ್ಲಿ ಅನ್ನ, ಬಟ್ಟೆ, ಔಷಧೋಪಚಾರದ ಜೊತೆ ವಸತಿಯನ್ನೂ ಸೇರಿಸಿದೆ. ಸೋರೋ ಮನೆ ವಸತಿಯಾ ಅನ್ನೋದು ವಕೀಲರು ವಾದ ಮಾಡಲಿ, ನಮಗೆ ಉತ್ತರ ಗೊತ್ತು.

ನಾನು ಸೂಚಿಸೋದು ಇಷ್ಟು. ಊರಿನ ಮನೆಯನ್ನ ಇವತ್ತು ಕಟ್ಟೋಕೆ ಎಷ್ಟಾಗುತ್ತೋ ಅದರ ಶೇ. 1ರಷ್ಟನ್ನ ಪ್ರತಿ ವರ್ಷ ಬೇರೆ ಖಾತೆಗೆ ಹಾಕಿ, ಅಣ್ಣತಮ್ಮ ಅಕ್ಕತಂಗಿಯರು ಹಂಚಿಕೊಂಡು. ರಜೆಗೆ ಹೋಗೋದು ದಸರಾಕ್ಕೇ ಇರಲಿ, ಇನ್ನೊಂದು ಸಲ ರೋಹಿಣಿ ಮಳೆಗೆ ಮುಂಚೆ, ಮೇ ತಿಂಗಳಲ್ಲಿ ಹೋಗಿ ತಾರಸಿ ನೋಡಿ, ನೀರು ಹೋಗೋ ಕೊಳವೆಯ ಬಾಯಿ ಬಿಡಿಸಿ. ಈ ಭಾನುವಾರದ ಫೋನಿನಲ್ಲಿ ಊಟ ಆಯ್ತಾ ಕೇಳಿದ ಮೇಲೆ ಇದನ್ನೂ ಕೇಳಿ ಬರೆದಿಟ್ಟುಕೊಳ್ಳಿ: ಬಚ್ಚಲಿನ ಪೈಪು ಯಾವ ಗೋಡೆಯೊಳಗೆ ಹೋಗಿದೆ, ಸಂಪಿನ ವಾಲ್ವ್ ಎಲ್ಲಿ, ಅರ್ಥಿಂಗ್ ಗುಂಡಿ ಎಲ್ಲಿ ತೋಡಿಸಿದ್ದು, ವೈರಿಂಗ್ ಮಾಡಿದವರ ಮಗ ಈಗಲೂ ಊರಲ್ಲಿದ್ದಾರಾ. ಆ ನಕ್ಷೆ ಸದ್ಯಕ್ಕೆ ಅವರ ತಲೆಯಲ್ಲಿ ಮಾತ್ರ ಇದೆ.

ಮುಂದಿನ ವಾರ ಮದ್ರಾಸ್ ತಾರಸಿ, ಅಳಲೆಕಾಯಿ ಮತ್ತು ಬೆಲ್ಲ. ನಿಮ್ಮ ಸೀಮೆಯಲ್ಲಿ ಕರಲು ಮಣ್ಣಿಗೆ, ಹೆಂಚು ಕೈಯಾಡಿಸೋದಕ್ಕೆ ಬೇರೆ ಹೆಸರಿದ್ದರೆ ಬರೆದು ಕಳಿಸಿ.