ಕೆರೆ ನೋಡದೆ ಬಂದ ಅಂಕ

ನಾವು ಡಿಗ್ರಿ ಓದುವಾಗ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಇತ್ತು. ಪಾಸಾಗಲೇಬೇಕಿತ್ತು. ಹಿಂದಿನ ರಾತ್ರಿ ಗೈಡ್ ಓದಿ ಬರೆದವರೇ ಹೆಚ್ಚು. ಸ್ಥಳಕ್ಕೆ ಹೋಗಿ ನೋಡಿ ಬರೆಯಬೇಕಿದ್ದ ವರದಿಯನ್ನು ಸೀನಿಯರ್‌ಗಳ ಹಳೆಯ ಫೈಲಿನಿಂದ ಇಳಿಸಿಕೊಂಡೆವು. ಕೆರೆ ಕಾಲೇಜಿನ ಹಿಂದೆಯೇ ಇತ್ತು. ಯಾರೂ ಹೋಗಲಿಲ್ಲ. ಆದರೂ ಅಂಕ ಬಂತು.

ಆ ಪೇಪರ್ ಹಿಂದೆ ಒಂದು ದೊಡ್ಡ ಹೋರಾಟವಿದೆ ಅನ್ನುವುದು ನಮಗೆ ಗೊತ್ತಾಗಿದ್ದು ವರದಿಗಾರರಾದ ಮೇಲೆ.

ಗಂಗಾ ನದಿ, ತಾಜ್‌ಮಹಲ್ ಉಳಿಸಲು ಕೋರ್ಟಿಗೆ ಹೋದ ವಕೀಲ ಎಂ.ಸಿ. ಮೆಹ್ತಾ, ಜನರಿಗೆ ಪರಿಸರದ ತಿಳಿವಳಿಕೆ ಕೊಡಬೇಕು ಎಂದೂ ಅರ್ಜಿ ಹಾಕಿದ್ದರು. 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಿನಿಮಾ ಟಾಕೀಸುಗಳಲ್ಲಿ ಪರಿಸರದ ಸ್ಲೈಡ್ ತೋರಿಸಬೇಕು, ರೇಡಿಯೋ ಮತ್ತು ದೂರದರ್ಶನದಲ್ಲಿ ಕಾರ್ಯಕ್ರಮ ಬರಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು ಎಂಬುದು ಅದರ ತಿರುಳು.

ಜಾರಿ ಮಾತ್ರ ತಡವಾಯಿತು. ಮೆಹ್ತಾ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. 2003ರ ನಂತರವೇ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ತಂದಿದ್ದು. 50 ತರಗತಿ, 100 ಅಂಕ. ಅದರಲ್ಲಿ 75 ಲಿಖಿತ ಪರೀಕ್ಷೆಗೆ, 25 ಕ್ಷೇತ್ರಕಾರ್ಯಕ್ಕೆ. ಹೊಳೆ, ಕಾಡು, ಗುಡ್ಡ ನೋಡಬೇಕು. ಮಲಿನವಾದ ಜಾಗ ನೋಡಬೇಕು. ಊರಿನ ಗಿಡ, ಹುಳ, ಹಕ್ಕಿ ಗುರುತಿಸಬೇಕು ಎಂದು ಪಠ್ಯದಲ್ಲೇ ಬರೆದಿತ್ತು. ನಾವು ನಕಲು ಮಾಡಿದ್ದು ಅದನ್ನೇ.

ಹೊರದೇಶಗಳಲ್ಲೂ ಇದೇ ಚಿಂತೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲಂಡ್ ಆಯೋಗ ಸುಸ್ಥಿರ ಅಭಿವೃದ್ಧಿಯ ಅರ್ಥ ಹೇಳಿತು: ಮುಂದಿನವರ ಪಾಲಿಗೆ ಕೈ ಹಾಕದೆ ಇಂದಿನವರು ಬದುಕುವುದು. ಆಮೇಲೆ ವಿಶ್ವವಿದ್ಯಾಲಯಗಳು ಇದನ್ನು ಕಲಿಸತೊಡಗಿದವು. ಕಲಿತದ್ದನ್ನು ಅಳೆಯುವುದು ಹೇಗೆ? ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನಾವಳಿ ಮಾಡಿ 2014ರಲ್ಲಿ ಪ್ರಕಟಿಸಿದರು. ಪರಿಸರ ಮಾತ್ರವಲ್ಲ, ಹಣಕಾಸು ಮತ್ತು ಸಮಾಜದ ಪ್ರಶ್ನೆಗಳೂ ಅದರಲ್ಲಿದ್ದವು. ನದಿಗಳು ಹೆಚ್ಚಾಗಿ ಕೆಡುವುದು ಯಾವುದರಿಂದ ಅನ್ನುವುದು ಒಂದು ಪ್ರಶ್ನೆ. ಕಾರ್ಖಾನೆ ಅಂದರೆ ತಪ್ಪು. ಬೀದಿ, ಅಂಗಳ, ಹೊಲಗಳ ಮೇಲಿಂದ ಹರಿದುಬರುವ ಮಳೆನೀರು ಅನ್ನುವುದೇ ಸರಿ ಉತ್ತರ.

ಯೂರಿಯಾ ಹಾಕಿದ ಮಾರನೇ ದಿನ ಜೋರು ಮಳೆ ಬಂದರೆ ಗೊಬ್ಬರ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ರೈತರನ್ನು ಕೇಳಿ. ಯಾವ ಆಯ್ಕೆಯೂ ಕೊಡದೆ ಉತ್ತರ ಬರುತ್ತದೆ. ಶಿರಸಿ ತಾಲ್ಲೂಕಿನ ಸಾಲ್ಕಣಿಯವರೂ ಹಾಗೆಯೇ. 1983ರ ಸೆಪ್ಟೆಂಬರ್‌ನಲ್ಲಿ ಅವರು ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದಾಗ ಇಂಥ ಪೇಪರ್ ಇರಲೇ ಇಲ್ಲ. ಕಾಡು ಹೋದರೆ ನೀರು ಹೋಗುತ್ತದೆ ಎಂದು ಅವರಿಗೆ ತಿಳಿದಿತ್ತು.

ಹಾಗಂತ ಪರೀಕ್ಷೆ ಬೇಡ ಅನ್ನುವುದಿಲ್ಲ. ಹವಾಮಾನ ಬದಲಾವಣೆ, ಕಾನೂನು, ಮಾಲಿನ್ಯದ ಲೆಕ್ಕ ಬರೀ ಅನುಭವದಿಂದ ತಿಳಿಯುವಂಥವಲ್ಲ. 2023ರಲ್ಲಿ ಯುಜಿಸಿ ಪದವಿ ತರಗತಿಗಳಿಗೆ ಹೊಸ ಮಾರ್ಗಸೂಚಿ ತಂದಿದೆ. ಪಠ್ಯ ಎಷ್ಟು ಸಲ ಬದಲಾದರೂ ಹಳೆಯ ಫೈಲ್ ಕೈ ಬದಲಾಗುತ್ತಿದ್ದರೆ ಏನು ಬಂತು?

ನಿಮ್ಮ ಮನೆಯಲ್ಲಿ ಡಿಗ್ರಿ ಓದುವ ಮಗನೋ ಮಗಳೋ ಇದ್ದರೆ, ಪ್ರಾಜೆಕ್ಟ್ ಕೊಟ್ಟ ದಿನ ಒಮ್ಮೆ ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿ. ಕೋಡಿ ಕೊನೆಗೆ ಬಿದ್ದದ್ದು ಯಾವ ವರ್ಷ, ಹೂಳು ತೆಗೆದದ್ದು ಯಾವಾಗ, ಯಾವ ಹಕ್ಕಿ ಈಗ ಬರುತ್ತಿಲ್ಲ, ಹೇಳಿ. ಅವರು ಬರೆದುಕೊಳ್ಳಲಿ. ನಮಗೆ ಯಾರೂ ಹಾಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊನ್ನೆ ಸುದ್ದಿಗೆಂದು ಆ ಕಾಲೇಜಿನ ಕಡೆ ಹೋಗಿದ್ದೆವು. ಕೆರೆಯ ಅರ್ಧದಲ್ಲಿ ಈಗ ಸೈಟುಗಳಾಗಿವೆ.