ಕೌಲಿನಿಂದ ಕಾನೂನಿಗೆ

ಹೆಬ್ಬಾಳ, ಯಲಹಂಕಗಳನ್ನು ದಾಟಿ ಉತ್ತರಕ್ಕೆ ಸಾಗಿದರೆ ದೇವನಹಳ್ಳಿಯ ಕೋಟೆ ಸಿಗುತ್ತದೆ. ಅಲ್ಲಿ ಹುಟ್ಟಿದ ಟೀಪು ಸುಲ್ತಾನನು 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಂದು ಕೌಲು ಮಾಡಿಕೊಂಡನು. ಸಂಧಿಗಾಗಿ ಕಂಪನಿಯ ಪ್ರತಿನಿಧಿಗಳೇ ಅವನಿದ್ದಲ್ಲಿಗೆ ಬಂದಿದ್ದರು. ಗೆದ್ದ ನೆಲವನ್ನೂ ಸೆರೆಯಾಳುಗಳನ್ನೂ ಇಬ್ಬರೂ ಹಿಂದಿರುಗಿಸಬೇಕೆಂಬುದು ಅದರ ತಿರುಳು. ಸಮಾನರಿಬ್ಬರ ಮಾತು ಅದು.

ಆ ಸಮಾನತೆ ಬಹುಕಾಲ ಉಳಿಯಲಿಲ್ಲ. 1792ರ ಶ್ರೀರಂಗಪಟ್ಟಣದ ಸಂಧಿಯಲ್ಲಿ ಅರ್ಧ ರಾಜ್ಯ ಹೋಯಿತು. ಇಬ್ಬರು ಮಕ್ಕಳು ಒತ್ತೆಯಾಳಾದರು. 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಾದ ಒಪ್ಪಂದವು ವರ್ಷಕ್ಕೆ 7 ಲಕ್ಷ ವರಹಗಳ ಕಪ್ಪವನ್ನು ಹೇರಿತು. 1881ರಲ್ಲಿ ರಾಜ್ಯವನ್ನು ಮರಳಿಸಿದ ಪತ್ರವಂತೂ ಒಪ್ಪಂದವೇ ಅಲ್ಲ, ಮೇಲಿನವರು ಬರೆದುಕೊಟ್ಟ ಷರತ್ತು. ಅದಕ್ಕೆ ಒಪ್ಪಂದವೆಂಬ ಗೌರವದ ಹೆಸರು ದೊರೆಯಲು 1913ರವರೆಗೆ ಕಾಯಬೇಕಾಯಿತು. ಒಂದೇ ಶತಮಾನದಲ್ಲಿ ಸಹಿ ಹಾಕುವ ಕೈ ಸಹಿ ಬೇಡುವ ಕೈಯಾಗಿತ್ತು.

ಸ್ವತಂತ್ರ ಭಾರತವು ಅಂತರರಾಷ್ಟ್ರೀಯ ಕಾನೂನನ್ನು ಗೌರವದಿಂದಲೂ ಶಂಕೆಯಿಂದಲೂ ನೋಡಿದ್ದಕ್ಕೆ ಈ ಅನುಭವವೇ ಕಾರಣವೆಂದು ನಾನು ಭಾವಿಸುತ್ತೇನೆ. ಗೌರವದ ಸಾಕ್ಷಿ ಸಂವಿಧಾನದ 51ನೆಯ ವಿಧಿ; ಕಾನೂನನ್ನೂ ಒಪ್ಪಂದದ ಹೊಣೆಗಳನ್ನೂ ಮನ್ನಿಸಲು, ವಿವಾದಗಳನ್ನು ಪಂಚಾಯಿತಿಯಿಂದ ಬಗೆಹರಿಸಲು ರಾಷ್ಟ್ರವು ಯತ್ನಿಸಬೇಕೆಂದು ಅದು ಹೇಳುತ್ತದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾಯರು ದಕ್ಷಿಣ ಕನ್ನಡದ ಮನೆತನದವರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. 1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಪೀಠವೇರಿದರು. ಮರುವರ್ಷವೇ ತೀರಿಕೊಂಡರು.

ಅದೇ ನ್ಯಾಯಾಲಯಕ್ಕೆ 1955ರಲ್ಲಿ ಪೋರ್ಚುಗಲ್ ಭಾರತದ ಮೇಲೆ ದಾವೆ ತಂದಿತು. ದಾದ್ರಾ ಮತ್ತು ನಗರ ಹವೇಲಿಗಳಿಗೆ ಹಾದುಹೋಗುವ ಹಕ್ಕು ತನಗುಂಟೆಂದು, ಪೇಶ್ವೆಗಳೊಡನೆ 1779ರಲ್ಲಾದ ಕೌಲನ್ನು ಅದು ಮುಂದಿಟ್ಟಿತು. ವಿಚಿತ್ರವೆಂದರೆ, ಆ ಕೌಲು ಸಿಂಧುವಲ್ಲವೆಂದು ವಾದಿಸಿದ್ದು ಭಾರತವೇ! 1960ರ ಏಪ್ರಿಲ್ 12ರ ತೀರ್ಪಿನಲ್ಲಿ ನ್ಯಾಯಾಲಯವು, ಆ ಕಾಲದ ಕೌಲನ್ನು ಈ ಕಾಲದ ಪದ್ಧತಿಯಿಂದ ಅಳೆಯಬಾರದೆಂದಿತು. ಆದರೆ ಅದು ಕೊಟ್ಟದ್ದು ಕಂದಾಯವನ್ನೇ ಹೊರತು ಒಡೆತನವನ್ನಲ್ಲ. ಜನರಿಗೂ ಸರಕಿಗೂ ದಾರಿಯುಂಟು, ಸೈನ್ಯಕ್ಕಿಲ್ಲ. ಭಾರತ ತಪ್ಪು ಮಾಡಿಲ್ಲ ಎಂದೂ ನುಡಿಯಿತು.

ಮರುವರ್ಷದ ಡಿಸೆಂಬರಿನಲ್ಲಿ ಕಾರವಾರದ ನೆರೆಯ ಗೋವೆಗೆ ಭಾರತದ ಸೈನ್ಯ ಹೊಕ್ಕಿತು. ಬಲಪ್ರಯೋಗವು ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧವೆಂದು ಹಲವು ರಾಷ್ಟ್ರಗಳು ಆಕ್ಷೇಪಿಸಿದವು. ವಸಾಹತೇ ನಿರಂತರ ಆಕ್ರಮಣವೆಂದು ಭಾರತ ಉತ್ತರಿಸಿತು. ಆ ಉತ್ತರದಲ್ಲಿ ನ್ಯಾಯವಿತ್ತು, ಆಕ್ಷೇಪವೂ ಪೊಳ್ಳಾಗಿರಲಿಲ್ಲ.

ದುರ್ಬಲನಿಗೆ ಕಾನೂನು ಆಸರೆ. ಬಲ ಬಂದ ಮೇಲೂ ಅದನ್ನು ಆಸರೆಯೆಂದೇ ನೆನೆಯುವುದು ಕಷ್ಟ. ಮಂಗಳೂರಿನ ಕೌಲನ್ನೂ 1881ರ ಪತ್ರವನ್ನೂ ಕಂಡ ನಾಡು ಈ ಎರಡನ್ನೂ ಬಲ್ಲದು.